ಬೇಸ್ ಗಿಟಾರಿನಲ್ಲಿ ಮರದ ದನಿ

ನಮ್ಮ ಹುತ್ತೂರು ಹೋಬಳಿಯ ಕಡೆ, ಹಾಗೆಯೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಆಸುಪಾಸಿನಲ್ಲಿ, ಜಾತ್ರೆಯಿರಲಿ, ಗಣೇಶನನ್ನು ಕೂರಿಸಿರಲಿ, ರಾಜ್ಯೋತ್ಸವವಿರಲಿ, ರಾತ್ರಿಗೆ ಒಂದು ಆರ್ಕೆಸ್ಟ್ರಾ ಇದ್ದೇ ಇರುತ್ತದೆ. ಹೊಸ ಹಾಡುಗಳ ಗದ್ದಲ ಎಷ್ಟೇ ಇದ್ದರೂ ಹಳೆಯ ಹಾಡುಗಳಿಗೆ ಅಂತ ಒಂದು ಗಂಟೆ ಮೀಸಲು. ಹಿರಿಯರು ಆ ಹೊತ್ತಿಗಾಗಿಯೇ ಕಾದು ಕೂತಿರುತ್ತಾರೆ. ಪಿ.ಬಿ. ಶ್ರೀನಿವಾಸ್ ಹಾಡು, ಎಸ್. ಜಾನಕಿ ಹಾಡು, ಎಲ್ಲವನ್ನೂ ನಮ್ಮ ಹುಡುಗ ಹುಡುಗಿಯರು ಚೆನ್ನಾಗಿಯೇ ಹಾಡುತ್ತಾರೆ. ಪಿಟೀಲಿನ, ಕೊಳಲಿನ ತುಣುಕುಗಳನ್ನು ಕೀಬೋರ್ಡ್‌ನವರು ಚಾಚೂ ತಪ್ಪದೆ ನುಡಿಸುತ್ತಾರೆ. ಆದರೂ ಹಾಡು ಆ ಹಾಡಿನಂತೆ ಕೇಳುವುದಿಲ್ಲ. ಏನೋ ಒಂದು ಹೆಚ್ಚಾಗಿದೆ ಅನಿಸುತ್ತದೆ, ಏನೋ ಒಂದು ಕಡಿಮೆಯಾಗಿದೆ ಅಂತಲೂ ಅನಿಸುತ್ತದೆ. ಆ ಎರಡೂ ಒಂದೇ ಜಾಗದಲ್ಲಿವೆ, ಹಾಡಿನ ತಳದಲ್ಲಿ. ವೇದಿಕೆಯ ಮೇಲೆ ನುಡಿಯುತ್ತಿರುವುದು ಕರೆಂಟಿನ ಬೇಸ್ ಗಿಟಾರ್. ಹಾಡನ್ನು ಮೊದಲು ಮುದ್ರಿಸಿಕೊಂಡಾಗ ನುಡಿದದ್ದು ಮರದ ಡಬಲ್ ಬೇಸ್. ಮೊದಲನೆಯದರಿಂದ ಎರಡನೆಯದರ ದನಿ ತೆಗೆಯುವುದು ಹೇಗೆ ಅನ್ನುವುದೇ ಈ ಹೊತ್ತಿನ ಮಾತು.

ಡಬಲ್ ಬೇಸ್ ಅಂದರೆ ಪಿಟೀಲಿನ ಮನೆತನದ ಅತ್ಯಂತ ದೊಡ್ಡ ವಾದ್ಯ. ನೆಲಕ್ಕೆ ಊರಿ, ನಿಂತುಕೊಂಡು ನುಡಿಸಬೇಕು. ಎತ್ತರ ಸುಮಾರು ಆರು ಅಡಿ. ಹೊಟ್ಟೆ ಟೊಳ್ಳು. ನಾಲ್ಕು ದಪ್ಪ ತಂತಿ. ಕಮಾನಿನಿಂದಲೂ ನುಡಿಸಬಹುದು, ಬೆರಳಿನಿಂದ ಮೀಟಲೂಬಹುದು. ಕನ್ನಡ ಚಿತ್ರಗೀತೆಗಳೆಲ್ಲ ಹೆಚ್ಚುಕಡಿಮೆ ಮದ್ರಾಸಿನ ಸ್ಟುಡಿಯೊಗಳಲ್ಲೇ ಮುದ್ರಣವಾಗುತ್ತಿದ್ದ ಕಾಲವೊಂದಿತ್ತಲ್ಲ, ಆಗ ಅಲ್ಲಿನ ವಾದ್ಯಮೇಳದಲ್ಲಿ ಪಿಟೀಲುಗಳ ಸಾಲಿನ ಹಿಂದೆ ಈ ವಾದ್ಯ ಇರುತ್ತಿತ್ತು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ, ರಾಜನ್–ನಾಗೇಂದ್ರ ಇವರೆಲ್ಲ ಬೆಳೆದದ್ದು ಅಂಥ ವಾದ್ಯಮೇಳಗಳ ನಡುವೆ. 1970ರ ದಶಕದಲ್ಲಿ ಬೇಸ್ ಗಿಟಾರ್ ಆ ಜಾಗಕ್ಕೆ ಬರತೊಡಗಿತು. ಜಿ.ಕೆ. ವೆಂಕಟೇಶರಿಗೆ ಸಹಾಯಕರಾಗಿದ್ದ ಇಳಯರಾಜಾ ಮುಂದೆ ಸ್ವತಂತ್ರವಾಗಿ ಸಂಗೀತ ಕೊಟ್ಟಾಗ ಬೇಸ್ ಗಿಟಾರಿಗೆ ಹಾಡಿನೊಳಗೆ ಇನ್ನೊಂದು ಹಾಡನ್ನೇ ಬರೆದುಕೊಟ್ಟರು. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಕೇಳಿ ನೋಡಿ. ಅಲ್ಲಿ ಬೇಸ್ ಗಿಟಾರ್ ಬೇಸ್ ಗಿಟಾರಾಗಿಯೇ ನುಡಿಯಬೇಕು, ಅದನ್ನು ಬೇರೇನೋ ಮಾಡಹೊರಟರೆ ಹಾಡಿಗೆ ಅನ್ಯಾಯ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಹಾಡುಗಳ ವಿಷಯ.

ಹಾಗಾದರೆ ಡಬಲ್ ಬೇಸನ್ನೇ ತಂದು ನುಡಿಸಬಹುದಲ್ಲ ಅಂತ ಯಾರಾದರೂ ಕೇಳಬಹುದು. ತರಬಹುದು, ಆದರೆ ನಮ್ಮ ಕಡೆ ಅದು ಬಾಳುವುದು ಕಷ್ಟ. ಅಂಟಿನಿಂದ ಕೂಡಿಸಿದ ತೆಳು ಹಲಗೆಗಳ ವಾದ್ಯ ಅದು. ಏಪ್ರಿಲ್ ತಿಂಗಳ ಕೋಲಾರದ ಒಣ ಗಾಳಿಗೆ ಹಲಗೆ ಬಿರಿಯುತ್ತದೆ, ಮಳೆಗಾಲಕ್ಕೆ ಊದುತ್ತದೆ. ಬಿರಿದರೆ ರಿಪೇರಿಗೆ ಒಯ್ಯಲು ಹತ್ತಿರದಲ್ಲಿ ಯಾರೂ ಇಲ್ಲ. ಹಳ್ಳಿಯಿಂದ ಹಳ್ಳಿಗೆ ಟೆಂಪೊದಲ್ಲಿ, ಸ್ಪೀಕರ್ ಪೆಟ್ಟಿಗೆಗಳ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋದರೆ ಎಷ್ಟು ದಿನ ಉಳಿದೀತು? ಬೇಸ್ ಗಿಟಾರಾದರೆ ಚೀಲಕ್ಕೆ ಹಾಕಿ ಬೆನ್ನಿಗೆ ಏರಿಸಿಕೊಂಡು ಬೈಕಿನಲ್ಲೇ ಹೋಗಬಹುದು.

ಇದೇ ತಾಪತ್ರಯ ಅಮೆರಿಕದವರಿಗೂ ಇತ್ತು. ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬುವರು 1930ರ ದಶಕದಲ್ಲೇ ಕರೆಂಟಿನ ಪುಟ್ಟ ಬೇಸ್ ಒಂದನ್ನು ಮಾಡಿದ್ದರು, ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಲಿಯೊ ಫೆಂಡರ್ ಗಟ್ಟಿ ಮರದ, ವೀಣೆಯಂತೆ ಕತ್ತಿಗೆ ಮೆಟ್ಟಿಲುಗಳಿರುವ ಬೇಸ್ ಗಿಟಾರ್ ಹೊರತಂದಮೇಲೆ ಜಗತ್ತಿನ ಸಂಗೀತದ ತಳವೇ ಬದಲಾಯಿತು. ಲಯೊನೆಲ್ ಹ್ಯಾಂಪ್ಟನ್‌ರ ಜಾಜ್ ತಂಡದ ಮಾಂಕ್ ಮಾಂಟ್ಗೊಮೆರಿ ಡಬಲ್ ಬೇಸ್ ಬಿಟ್ಟು ಇದನ್ನು ಹಿಡಿದ ಮೊದಲಿಗರಲ್ಲಿ ಒಬ್ಬರು. ಅದಕ್ಕೂ ಮುಂಚೆ ಎವರೆಟ್ ಹಲ್ ಎಂಬುವರು ಡಬಲ್ ಬೇಸಿನ ಕೆಳಗಿನ ಮೊಳೆಯ, ಅಂದರೆ ಪೆಗ್‌ನ ಮೂಲಕ ಹೊಟ್ಟೆಯೊಳಗೇ ಮೈಕ್ ಕೂರಿಸುವ ಉಪಾಯ ಕಂಡುಹಿಡಿದರು. ಅವರು ಕಟ್ಟಿದ ಆಂಪೆಗ್ ಕಂಪನಿಯ ಹೆಸರು ಹುಟ್ಟಿದ್ದೇ ಆ ಮೊಳೆಯಿಂದ. ಮರದ ಬೇಸಿಗೆ ಕರೆಂಟಿನ ಗಟ್ಟಿದನಿ ಬೇಕಿತ್ತು. ಈಗ ನಾವು ಕರೆಂಟಿನ ಬೇಸಿಗೆ ಮರದ ದನಿ ಹುಡುಕುತ್ತಿದ್ದೇವೆ.

ಈಗ ದನಿಯ ವಿಷಯಕ್ಕೆ ಬರೋಣ. ಎರಡೂ ವಾದ್ಯಗಳಿಗೆ ಶ್ರುತಿ ಒಂದೇ. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಎರಡರಲ್ಲೂ. ಸ್ವರ ಒಂದೇ ಆದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಬಹಳ ಜನ ಬೇಸ್ ವಾದಕರು ಇಲ್ಲಿ ದಾರಿ ತಪ್ಪುತ್ತಾರೆ. ಡಬಲ್ ಬೇಸ್ ದೊಡ್ಡ ವಾದ್ಯ, ಹಾಗಾಗಿ ಅದರ ದನಿಯೂ ಇನ್ನಷ್ಟು ಆಳ ಇರಬೇಕು ಅಂದುಕೊಂಡು ಬೇಸ್ ನಾಬನ್ನು ಬಲಕ್ಕೆ ತಿರುಗಿಸುತ್ತಾರೆ. ಅಸಲಿಗೆ ಆಗಬೇಕಾದ್ದು ತಿರುವುಮುರುವು. ಡಬಲ್ ಬೇಸಿನ ಹೊಟ್ಟೆ ಎಷ್ಟೇ ದೊಡ್ಡದಾದರೂ 41ರ ಕಂಪನವನ್ನು ಗಟ್ಟಿಯಾಗಿ ಹೊರಹಾಕುವಷ್ಟು ದೊಡ್ಡದಲ್ಲ. ಒಳಗಿನ ಗಾಳಿಯ ಸಹಜ ಅನುರಣನೆ ಇರುವುದು 60ರ ಸುಮಾರಿಗೆ. ಅಂದರೆ ಕೆಳತಂತಿಯ ಮೂಲಸ್ವರ ಅದರಲ್ಲಿ ಕ್ಷೀಣ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಇರುವ ಉಪಸ್ವರಗಳು, 82, 123, 165ರ ಹತ್ತಿರದವು, ಅವೇ ಗಟ್ಟಿ. ಕಿವಿ ಆ ಉಪಸ್ವರಗಳನ್ನು ಕೇಳಿ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ನೀವು ಈ ಮಾತು ಕೇಳುತ್ತಿರುವ ರೇಡಿಯೊದ ಪುಟ್ಟ ಸ್ಪೀಕರಿಗೆ 41ರ ಕಂಪನ ನುಡಿಸುವ ತಾಕತ್ತೇ ಇಲ್ಲ. ಆದರೂ ಅದರಲ್ಲಿ ಹಳೆಯ ಹಾಡಿನ ಬೇಸ್ ನಿಮಗೆ ಸ್ಪಷ್ಟವಾಗಿ ಕೇಳಿಸಿದೆಯಲ್ಲ, ಅದು ಕಿವಿಯ ಈ ಸಾಮರ್ಥ್ಯದಿಂದ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಯಾರೂ ಮೀಟದ ಗಾಂಧಾರ ಕೇಳುತ್ತದೆ ಅಂತ ಸಂಗೀತ ಕಲಿತವರೆಲ್ಲ ಹೇಳುತ್ತಾರೆ. ಅದು ಐದನೆಯ ಉಪಸ್ವರ. ನಮ್ಮ ಕಿವಿಗೆ ಉಪಸ್ವರ ಕೇಳುವ ಅಭ್ಯಾಸ ಹೊಸದಲ್ಲ.

ಎರಡನೆಯ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಸ್ವರ ಎಷ್ಟು ಬೇಗ ಸಾಯುತ್ತದೆ ಅನ್ನುವುದು. ಡಬಲ್ ಬೇಸಿನಲ್ಲಿ ತಂತಿಯ ಶಕ್ತಿ ತಂತಿಗಳನ್ನು ಹೊತ್ತ ‘ಕುದುರೆ’ಯ ಮೂಲಕ ಹಲಗೆಗೆ ಹೋಗಿ, ಅಲ್ಲಿಂದ ಗಾಳಿಗೆ ಹೋಗಿ ಖರ್ಚಾಗಿಬಿಡುತ್ತದೆ. ಮೀಟಿದ ತಕ್ಷಣ ಒಂದು ಉಬ್ಬು, ಆಮೇಲೆ ಇಳಿಜಾರು, ಒಂದೆರಡು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಮುಗಿಯಿತು. ಬೇಸ್ ಗಿಟಾರಿನದು ಗಟ್ಟಿ ಮರದ ತುಂಡು, ಅಲುಗುವುದಿಲ್ಲ, ತಂತಿಯ ಶಕ್ತಿ ತಂತಿಯಲ್ಲೇ ಉಳಿಯುತ್ತದೆ. ಬಿಟ್ಟರೆ ಹತ್ತು ಸೆಕೆಂಡಾದರೂ ನುಡಿಯುತ್ತಲೇ ಇರುತ್ತದೆ. ಹಳೆಯ ಹಾಡಿನಲ್ಲಿ ಎರಡು ಬೇಸ್ ಸ್ವರಗಳ ನಡುವೆ ಖಾಲಿ ಜಾಗ ಇರುತ್ತಿತ್ತು. ಆ ಜಾಗದಲ್ಲಿ ತಬಲಾದ ಎಡ, ಡೋಲಕ್ಕಿನ ಏಟು, ಗಾಯಕರ ಉಸಿರು ಎಲ್ಲ ಕೇಳುತ್ತಿದ್ದವು. ಬೇಸ್ ಗಿಟಾರಿನ ಉದ್ದ ಸ್ವರ ಆ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಮೊದಲಿಗೆ ‘ಏನೋ ಹೆಚ್ಚಾಗಿದೆ’ ಅಂದೆನಲ್ಲ, ಹೆಚ್ಚಾದದ್ದು ಇದು.

ಆದ್ದರಿಂದ ನನ್ನ ತಿಳಿವಳಿಕೆಯಲ್ಲಿ ಈ ಕೆಲಸ ಬಹುಪಾಲು ಕಳೆಯುವ ಕೆಲಸ. ಸೇರಿಸಬೇಕಾದ್ದು ತೀರಾ ಕಡಿಮೆ. ಕಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಕೈ, ಆಮೇಲೆ ತಂತಿ, ಆಮೇಲೆ ಮೆಟ್ಟಿಲು, ಕೊನೆಗೆ ನಾಬು. ಈ ಕ್ರಮ ತಲೆಕೆಳಗಾದರೆ ದುಡ್ಡು ಹೋಗುತ್ತದೆ, ದನಿ ಬರುವುದಿಲ್ಲ.

ಬಲಗೈಯನ್ನು ನೋಡಿ. ಸಾಮಾನ್ಯವಾಗಿ ಬೇಸ್ ಗಿಟಾರ್ ನುಡಿಸುವವರು ಹೆಬ್ಬೆರಳನ್ನು ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಮೇಲೆ ಊರಿ, ತೋರುಬೆರಳು ನಡುಬೆರಳುಗಳ ತುದಿಯಿಂದ ಒಂದಾದಮೇಲೊಂದು ಮೀಟುತ್ತಾರೆ. ಮೀಟುವ ಜಾಗ ಕುದುರೆಗೆ ಹತ್ತಿರ. ಕುದುರೆಯ ಹತ್ತಿರ ಮೀಟಿದಷ್ಟೂ ದನಿ ಚೂಪು. ಡಬಲ್ ಬೇಸಿನವರು ಮೀಟುವುದು ಬೆರಳ ಹಲಗೆ ಮುಗಿಯುವ ಕಡೆ. ಹಾಗಾಗಿ ಕೈಯನ್ನು ಎಡಕ್ಕೆ ಸರಿಸಿ. ಹೆಬ್ಬೆರಳು ಕತ್ತಿನ ಕೊನೆಯ ಅಂಚಿನಲ್ಲಿ ಊರಲಿ. ತೋರುಬೆರಳನ್ನು ತಂತಿಗೆ ಅಡ್ಡವಾಗಿ ಚುಚ್ಚದೆ, ತಂತಿಯ ಉದ್ದಕ್ಕೆ ಓರೆಯಾಗಿ ಮಲಗಿಸಿ. ಬೆರಳಿನ ತುದಿ ಬೇಡ, ಮೊದಲ ಗೆಣ್ಣಿನ ಪಕ್ಕದ ಮಾಂಸಲ ಭಾಗ ತಂತಿಗೆ ತಾಗಬೇಕು. ಅಲ್ಲಿಂದ ಪಕ್ಕಕ್ಕೆ ಎಳೆದು ಬಿಡಿ, ಬೆರಳು ಪಕ್ಕದ ತಂತಿಗೆ ಒರಗಿ ನಿಲ್ಲಲಿ. ಎರಡು ಬೆರಳಿನ ಓಟ ಬೇಡ, ಒಂದೇ ಬೆರಳು ಸಾಕು. ತಂತಿಯನ್ನು ಬಿಡುವ ಬೆರಳು ಅಗಲವಾದಷ್ಟೂ ಮೇಲಿನ ಚೂಪು ಉಪಸ್ವರಗಳು ಹುಟ್ಟುವುದೇ ಇಲ್ಲ. ಹುಟ್ಟದ ಸ್ವರವನ್ನು ಆಮೇಲೆ ಯಾವ ನಾಬಿನಿಂದಲೂ ಕಡಿಮೆ ಮಾಡಬೇಕಾಗಿಲ್ಲ.

ಇನ್ನೊಂದು ವಿಧಾನವೂ ಇದೆ. ಅಂಗೈಯ ಅಂಚನ್ನು ಕುದುರೆಯ ಮುಂದೆ ತಂತಿಗಳ ಮೇಲೆ ಹಗುರವಾಗಿ ಇಟ್ಟುಕೊಂಡು ಹೆಬ್ಬೆರಳಿನ ಮಾಂಸದಿಂದ ಕೆಳಕ್ಕೆ ಮೀಟುವುದು. ನಿಧಾನ ಗತಿಯ ಭಾವಗೀತೆಗಳಿಗೆ ಇದು ಬಹಳ ಸೊಗಸು. ಅಂಗೈಯ ಭಾರ ಹೆಚ್ಚಾದರೆ ಸ್ವರವೇ ಇಲ್ಲದ ಗುದ್ದು ಬರುತ್ತದೆ, ಕಡಿಮೆಯಾದರೆ ತಡೆಯೇ ಇರುವುದಿಲ್ಲ. ನಡುವಿನ ಹದ ಕೈಗೆ ಸಿಕ್ಕಲು ಸ್ವಲ್ಪ ದಿನ ಹಿಡಿಯುತ್ತದೆ. ಎಡಗೈಗೂ ಕೆಲಸ ಉಂಟು. ಸ್ವರ ಮೂಡಿದಮೇಲೆ ಒತ್ತಿದ ಬೆರಳನ್ನು ತಂತಿಯಿಂದ ಪೂರ್ತಿ ತೆಗೆಯದೆ ಒತ್ತಡವನ್ನಷ್ಟೇ ಸಡಿಲಿಸಿ. ಸ್ವರ ತಾನಾಗಿ ಅಡಗುತ್ತದೆ.

ಕೈಯ ಜೊತೆಗೆ ಒಂದು ಚೂರು ಸ್ಪಂಜು. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಕುದುರೆಯನ್ನು ಮುಚ್ಚುವ ಒಂದು ಲೋಹದ ಮುಚ್ಚಳ ಬರುತ್ತಿತ್ತು, ಅದರೊಳಗೆ ತಂತಿಗೆ ತಾಗುವ ಸ್ಪಂಜು ಕಂಪನಿಯಿಂದಲೇ ಅಂಟಿಸಿರುತ್ತಿತ್ತು. ಜನ ಅದನ್ನು ತೆಗೆದುಹಾಕಿ ಮರೆತುಬಿಟ್ಟರು. ಹೊಸ ಸಾಮಾನು ಪ್ಯಾಕ್ ಆಗಿ ಬರುವ ಮೆತ್ತನೆಯ ಫೋಮ್ ಇರುತ್ತದಲ್ಲ, ಅದನ್ನು ನಾಲ್ಕೂ ತಂತಿಗಳಷ್ಟು ಅಗಲಕ್ಕೆ, ಎರಡು ಬೆರಳ ದಪ್ಪಕ್ಕೆ ಕತ್ತರಿಸಿ ಕುದುರೆಗೆ ಒತ್ತಿಕೊಂಡಂತೆ ತಂತಿಗಳ ಅಡಿಯಲ್ಲಿ ತೂರಿಸಿ. ಫೋಮ್ ತಂತಿಯನ್ನು ಮೇಲಕ್ಕೆ ನೂಕಬಾರದು, ತಾಗಿದ್ದರೆ ಸಾಕು. ಒಂದೊಂದೇ ತಂತಿ ಮೀಟಿ ಎಣಿಸಿ ನೋಡಿ. ‘ಒಂದು, ಎರಡು’ ಅನ್ನುವಷ್ಟರಲ್ಲಿ ಸ್ವರ ಅಡಗಬೇಕು, ಆದರೆ ‘ಒಂದು’ ಅನ್ನುವಾಗ ಸ್ವರದ ಹೆಸರು ಹೇಳುವಷ್ಟು ಸ್ಪಷ್ಟವಿರಬೇಕು. ದಪ್ಪ ತಂತಿಗೆ ತಡೆ ಹೆಚ್ಚು ಬೇಕಾಗುತ್ತದೆ, ಆ ಕಡೆ ಫೋಮ್ ಸ್ವಲ್ಪ ಎತ್ತರವಿರಲಿ. ಮೃದಂಗದವರು ಕಛೇರಿಗೆ ಮುಂಚೆ ಎಡಗಡೆಗೆ ಕಲಸಿದ ರವೆ ಮೆತ್ತುತ್ತಾರೆ. ರವೆ ಸ್ವರವನ್ನು ತಗ್ಗಿಸುತ್ತದೆ, ಜೊತೆಗೆ ಅದರ ಗುಂಯ್‌ಗುಡುವಿಕೆಯನ್ನು ಹಿಡಿದು ನಿಲ್ಲಿಸುತ್ತದೆ. ರವೆ ಒಂದಿಷ್ಟು ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಮೃದಂಗದವರು ಎಷ್ಟು ತಾಳ್ಮೆಯಿಂದ ತಟ್ಟಿ ತಟ್ಟಿ ನೋಡುತ್ತಾರೆ! ಅಷ್ಟೇ ತಾಳ್ಮೆಯನ್ನು ನಮ್ಮ ಬೇಸ್ ಹುಡುಗರು ಈ ಫೋಮ್ ತುಂಡಿಗೆ ಕೊಡಬೇಕು ಅಂತ ನನ್ನ ಆಸೆ.

ತಂತಿಯ ಮಾತು. ಅಂಗಡಿಯಿಂದ ಬರುವ ಬೇಸ್ ಗಿಟಾರಿಗೆ ಸಾಮಾನ್ಯವಾಗಿ ದುಂಡು ಸುತ್ತಿನ ತಂತಿ ಹಾಕಿರುತ್ತಾರೆ. ಮುಟ್ಟಿದರೆ ಗರಗಸದ ಹಾಗೆ ಬೆರಳಿಗೆ ಹತ್ತುತ್ತದೆ, ಬೆರಳು ಜಾರಿಸಿದಾಗ ಕಿರ್ ಅನ್ನುತ್ತದೆ. ಪಿಯಾನೊದಂಥ ಹೊಳಪು ದನಿ ಅದರದು, ಈಗಿನ ಹಾಡುಗಳಿಗೆ ಅದು ಬೇಕು. ಹಳೆಯ ದನಿಗೆ ಬೇಕಾದ್ದು ಚಪ್ಪಟೆ ಸುತ್ತಿನ ತಂತಿ, ಮೇಲಿನ ಸುತ್ತು ಪಟ್ಟಿಯಂತೆ ನುಣುಪಾಗಿರುತ್ತದೆ. ಇನ್ನೂ ಹತ್ತಿರ ಹೋಗಬೇಕಾದರೆ ಕಪ್ಪು ನೈಲಾನ್ ಪಟ್ಟಿ ಸುತ್ತಿದ ತಂತಿ. ಡಬಲ್ ಬೇಸಿಗೆ ಮೊದಲೆಲ್ಲ ಹಾಕುತ್ತಿದ್ದುದು ಕರುಳಿನ ತಂತಿ, ಉಕ್ಕಿನದು ರೂಢಿಗೆ ಬಂದದ್ದು ಆಮೇಲೆ. ಆ ಕರುಳಿನ ಮಂದ ದನಿಗೆ ನೈಲಾನ್ ಸುತ್ತು ಹತ್ತಿರದ ನೆಂಟ. ಒಂದು ಎಚ್ಚರಿಕೆ ಹೇಳಲೇಬೇಕು. ನೈಲಾನ್ ಸುತ್ತಿನ ತಂತಿ ದಪ್ಪ. ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳಲ್ಲಿ ಅದು ಸರಿಯಾಗಿ ಇಳಿಯದಿದ್ದರೆ ಕಚ್ಚನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಬಿಗುವೂ ಬೇರೆಯಾದ್ದರಿಂದ ಕತ್ತು ಬಾಗುವುದು ಬದಲಾಗುತ್ತದೆ, ಒಳಗಿನ ಸರಳನ್ನು ತಿರುಗಿಸಿ ಸರಿಪಡಿಸಬೇಕು. ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಇಲ್ಲಿ ಜೇಮ್ಸ್ ಜೇಮರ್ಸನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ 1960ರ ದಶಕದ ಹಾಡುಗಳ ತಳದಲ್ಲಿರುವವರು ಅವರು. ಶಾಲೆಯಲ್ಲಿ ಕಲಿತದ್ದು ಡಬಲ್ ಬೇಸ್, ಮುಂದೆ ಹಿಡಿದದ್ದು ಫೆಂಡರ್. ಆ ಫೆಂಡರಿಗೆ ದಪ್ಪನೆಯ ಚಪ್ಪಟೆ ಸುತ್ತಿನ ತಂತಿ, ಕುದುರೆಯ ಬಳಿ ಸ್ಪಂಜು, ಮೀಟುವುದಕ್ಕೆ ಬಲಗೈಯ ಒಂದೇ ಬೆರಳು. ತಂತಿ ಹರಿಯುವವರೆಗೂ ಬದಲಾಯಿಸುತ್ತಿರಲಿಲ್ಲ. ನಾನು ಇದುವರೆಗೆ ಹೇಳಿದ್ದೆಲ್ಲ ಅವರೊಬ್ಬರ ವಾದ್ಯದಲ್ಲೇ ಸಿಗುತ್ತದೆ. ಅವರು ಡಬಲ್ ಬೇಸನ್ನು ಅನುಕರಿಸಲು ಹೊರಟವರಲ್ಲ. ಡಬಲ್ ಬೇಸ್ ಕಲಿತ ಕೈ ಫೆಂಡರಿನಲ್ಲೂ ಅದೇ ಕೈಯಾಗಿ ಉಳಿಯಿತು. ಅದಕ್ಕೇ ನಾನು ಕೈಯನ್ನು ಮೊದಲು ಹೇಳಿದ್ದು.

ಮೆಟ್ಟಿಲುಗಳ ಪ್ರಶ್ನೆ ಸೂಕ್ಷ್ಮವಾದದ್ದು. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂರಿಸಿರುವಂತೆ ಬೇಸ್ ಗಿಟಾರಿನ ಕತ್ತಿಗೂ ಲೋಹದ ಮೆಟ್ಟಿಲು ಹೊಡೆದಿರುತ್ತಾರೆ. ತಂತಿ ಲೋಹಕ್ಕೆ ತಾಗಿ ನುಡಿಯುತ್ತದೆ. ಡಬಲ್ ಬೇಸಿನಲ್ಲಿ ಮೆಟ್ಟಿಲಿಲ್ಲ. ತಂತಿಯ ಒಂದು ತುದಿ ಬೆರಳಿನ ಮಾಂಸಕ್ಕೂ ಕರಿಮರದ ಹಲಗೆಗೂ ನಡುವೆ ಸಿಕ್ಕಿರುತ್ತದೆ. ಆ ಮಾಂಸ ಕೂಡ ಒಂದಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಮೆಟ್ಟಿಲಿಲ್ಲದ ಬೇಸ್ ಗಿಟಾರುಗಳೂ ಸಿಗುತ್ತವೆ. ಜಾಕೊ ಪಾಸ್ಟೋರಿಯಸ್ ತಮ್ಮ ಫೆಂಡರ್ ಜಾಜ್ ಬೇಸಿನ ಮೆಟ್ಟಿಲು ಕಿತ್ತು, ಸಂದುಗಳನ್ನು ತುಂಬಿ, ಮೇಲೆ ಎಪಾಕ್ಸಿ ಬಳಿದು ನುಡಿಸಿದ ದನಿ ಲೋಕಪ್ರಸಿದ್ಧ. ಆದರೆ ಅವರದು ದುಂಡು ಸುತ್ತಿನ ತಂತಿ, ಹಾಡುವ ಉದ್ದ ದನಿ. ಮೆಟ್ಟಿಲಿಲ್ಲದಿದ್ದರೆ ಡಬಲ್ ಬೇಸ್ ಆಗಿಬಿಡುತ್ತದೆ ಅನ್ನುವ ನಂಬಿಕೆ ಸರಿಯಲ್ಲ. ತಂತಿ ಹಲಗೆಯ ಉದ್ದಕ್ಕೂ ಸವರಿಕೊಂಡು ಕಂಪಿಸುವಾಗ ಹುಟ್ಟುವ ಆ ಝೇಂಕಾರ, ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರ ಇಟ್ಟಾಗ ಹುಟ್ಟುವ ನಾದದ ಬಂಧು. ಅದಕ್ಕೆ ಅದರದೇ ಚೆಲುವಿದೆ, ಆದರೆ ಹಳೆಯ ಚಿತ್ರಗೀತೆಯ ಬೇಸ್ ಅದಲ್ಲ. ಮೆಟ್ಟಿಲಿಲ್ಲದ ಗಿಟಾರಿಗೆ ನೈಲಾನ್ ತಂತಿ, ಫೋಮ್ ಎರಡೂ ಸೇರಿದಾಗ ಮಾತ್ರ ಮರದ ಬಳಿಗೆ ಬರುತ್ತೇವೆ. ನೈಲಾನ್ ಆದರೆ ಹಲಗೆಯೂ ಸವೆಯುವುದಿಲ್ಲ.

ಮೆಟ್ಟಿಲಿಲ್ಲದ್ದು ಹಿಡಿದವರಿಗೆ ನಮ್ಮ ಸಂಗೀತದ ಕಿವಿಯೇ ಒಂದು ತೊಡಕಾಗಬಹುದು. ಗಮಕ ಕೇಳಿ ಬೆಳೆದವರಾದ್ದರಿಂದ ಪ್ರತಿ ಸ್ವರಕ್ಕೂ ಜಾರು ಸೇರಿಸುವ ಆಸೆ ಬರುತ್ತದೆ. ಹಳೆಯ ಹಾಡುಗಳ ಬೇಸ್ ವಾದಕರು ಹಾಗೆ ಮಾಡುತ್ತಿರಲಿಲ್ಲ. ಸ್ವರದ ನಡುಮಧ್ಯಕ್ಕೆ ಬೆರಳಿಟ್ಟು, ನುಡಿಸಿ, ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು. ಚರಣದಿಂದ ಪಲ್ಲವಿಗೆ ಮರಳುವಾಗ ಎಲ್ಲಾದರೂ ಒಂದು ಜಾರು, ಅಷ್ಟೇ. ಇರುವ ಒಳ್ಳೆಯ ಗಿಟಾರಿನ ಮೆಟ್ಟಿಲು ಕೀಳುವ ಸಾಹಸಕ್ಕೆ ಮಾತ್ರ ದಯವಿಟ್ಟು ಹೋಗಬೇಡಿ. ಮೆಟ್ಟಿಲಿದ್ದ ಗಿಟಾರಿನಲ್ಲೇ ಜೇಮರ್ಸನ್ ಸಾಧಿಸಿದರು.

ಕೊನೆಗೆ ನಾಬು. ಎರಡು ಪಿಕಪ್ ಇದ್ದರೆ ಕತ್ತಿನ ಕಡೆಯದನ್ನು ಮಾತ್ರ ಇಟ್ಟುಕೊಂಡು ಕುದುರೆಯ ಕಡೆಯದನ್ನು ಪೂರ್ತಿ ಮುಚ್ಚಿ. ಟೋನ್ ನಾಬನ್ನು ಬಹುಪಾಲು ಇಳಿಸಿ, ಆದರೆ ಸೊನ್ನೆಗೆ ತರಬೇಡಿ. ಪೂರ್ತಿ ಮುಚ್ಚಿದರೆ ಬೆರಳು ತಂತಿ ಬಿಡುವ ಸಣ್ಣ ಸದ್ದೂ ಮಾಯವಾಗುತ್ತದೆ. ಮರದ ವಾದ್ಯ ಅಂತ ಕಿವಿಗೆ ನಂಬಿಕೆ ಹುಟ್ಟಿಸುವುದರಲ್ಲಿ ಆ ಸದ್ದಿನ ಪಾಲು ದೊಡ್ಡದು. ಆಂಪ್ಲಿಫೈಯರಿನಲ್ಲಿ ಸೆಕೆಂಡಿಗೆ 50ರ ಕೆಳಗಿನ ಕಂಪನಗಳನ್ನು ತಗ್ಗಿಸಿ, 100ರಿಂದ 200ರ ನಡುವೆ ಒಂದಿಷ್ಟು ಏರಿಸಿ. ಈಗ ಡಬಲ್ ಬೇಸಿನ ಹೊಟ್ಟೆಯ ಅನುರಣನೆಯನ್ನೇ ಅಳೆದು ಕಂಪ್ಯೂಟರಿನಲ್ಲಿ ಹಿಡಿದಿಟ್ಟು, ಬೇಸ್ ಗಿಟಾರಿನ ಸಿಗ್ನಲ್ಲಿಗೆ ಅದನ್ನು ಹಾಯಿಸುವ ಪೆಡಲ್‌ಗಳೂ ಬಂದಿವೆ. ಮೊಳದಷ್ಟು ಕತ್ತಿನ, ರಬ್ಬರಿನಂಥ ತಂತಿಯ ಯೂ-ಬೇಸ್ ಎಂಬ ಪುಟ್ಟ ವಾದ್ಯವೂ ಇದೆ. ಕಣ್ಣು ಮುಚ್ಚಿ ಕೇಳಿದರೆ ಬೆರಗಾಗುತ್ತದೆ, ಇಷ್ಟು ಚಿಕ್ಕದರಿಂದ ಅಷ್ಟು ದೊಡ್ಡ ಮರದ ದನಿ. ಅನುಕೂಲ ಇದ್ದವರು ಅದನ್ನು ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಪೆಡಲ್ ತಗೊಂಡು ಕೈ ಬದಲಿಸದೆ ಇದ್ದರೆ, ಬೇಸ್ ಗಿಟಾರೇ ಒಂದು ಟೊಳ್ಳು ಪೆಟ್ಟಿಗೆಯೊಳಗಿಂದ ಕೇಳಿದಂತೆ ಕೇಳುತ್ತದೆ.

ಯಂತ್ರದಿಂದ ಮರದ ದನಿ ತೆಗೆಯುವ ಇದೇ ದಾರಿಯನ್ನು ನಮ್ಮ ಬೆಂಗಳೂರು ಇನ್ನೊಂದು ವಾದ್ಯದಲ್ಲಿ ನಡೆದು ನೋಡಿದೆ. ಜಿ. ರಾಜ್‌ನಾರಾಯಣ್ ಅವರು 1970ರ ದಶಕದ ಕೊನೆಯಿಂದ ರಾಡೆಲ್ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಆಮೇಲೆ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿ, ನಾಡಿನ ಸಂಗೀತಗಾರರ ಚೀಲದೊಳಗೆ ತಂಬೂರಿಯನ್ನು ಸೇರಿಸಿದರು. ಅದು ದೊಡ್ಡ ಉಪಕಾರ. ತಂಬೂರಿಗೆ ಅದು ಒಗ್ಗಿತು, ಯಾಕೆಂದರೆ ತಂಬೂರಿಯ ಕೆಲಸ ಒಂದೇ ಸಮನೆ ನುಡಿಯುವುದು. ಬೇಸಿನ ಕೆಲಸ ಪ್ರತಿ ಸ್ವರವನ್ನೂ ಹಾಡಿನ ಮಾತಿಗೆ, ತಾಳಕ್ಕೆ ತಕ್ಕಂತೆ ಒಂದೊಂದು ಉದ್ದಕ್ಕೆ ಕತ್ತರಿಸುವುದು. ಕತ್ತರಿಸುವ ತೀರ್ಮಾನ ಕೈಯದೇ ಆಗಿರಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಬೇಸ್ ವಾದಕ ವೇದಿಕೆ ಹತ್ತಿದ ಮೇಲೆ ಅವನ ದನಿ ಇನ್ನೊಬ್ಬರ ಕೈಯಲ್ಲಿರುತ್ತದೆ. ನಮ್ಮ ಸೌಂಡಿನವರ ಮೇಲೆ ನನಗೆ ತುಂಬ ಗೌರವ. ಬಿಸಿಲಲ್ಲಿ ಆಳೆತ್ತರದ ಪೆಟ್ಟಿಗೆ ಹೊತ್ತು, ರಾತ್ರಿಯಿಡೀ ಮಿಕ್ಸರ್ ಮುಂದೆ ನಿಲ್ಲುವವರು. ಫೋಮ್ ಹಾಕಿದ ಬೇಸ್ ಕೇಳಿದೊಡನೆ ಅವರು ಕೂಗುವುದು ಒಂದೇ ಮಾತು: “ಅಣ್ಣಾ, ಬೇಸು ಬರ್ತಾನೇ ಇಲ್ಲ, ಇನ್ನೊಂಚೂರು ಎತ್ತಲಾ?” ಎತ್ತಿದರೆ ಪೆಟ್ಟಿಗೆಗಳು ಗುಡುಗುತ್ತವೆ, ಇಷ್ಟು ಕಷ್ಟಪಟ್ಟು ಕಳೆದದ್ದೆಲ್ಲ ಹಿಂದಕ್ಕೆ ಬಂದುಬಿಡುತ್ತದೆ. ಕಾರ್ಯಕ್ರಮಕ್ಕೆ ಮುಂಚೆಯೇ ಅವರನ್ನು ಪಕ್ಕಕ್ಕೆ ಕರೆದು, ಮೊಬೈಲಿನಲ್ಲಿ ಮೂಲ ಹಾಡನ್ನು ಹಾಕಿ, “ಈ ಬೇಸು ಹೀಗೇ ಬೇಕಣ್ಣ, ಸಬ್‌ ಪೆಟ್ಟಿಗೆಗೆ ಇದನ್ನ ಕಳಿಸಬೇಡಿ” ಅಂತ ಹೇಳಿದರೆ ಎಷ್ಟೋ ಸಲೀಸು. ಹಾಡು ಕೇಳಿಸಿದರೆ ಅವರಿಗೆ ಕ್ಷಣದಲ್ಲಿ ಅರ್ಥವಾಗುತ್ತದೆ. ಬಾಯಿಮಾತಿನಲ್ಲಿ ಎಷ್ಟು ವಿವರಿಸಿದರೂ ಆಗುವುದಿಲ್ಲ.

ಸಿನಿಮಾ ಹಾಡಿನ ಆಚೆಗೂ ಈ ದನಿಗೆ ನಮ್ಮಲ್ಲಿ ಜಾಗ ಇದೆ ಅಂತ ನಾನು ಬಲವಾಗಿ ನಂಬಿದ್ದೇನೆ. ಕೈವಾರ ತಾತಯ್ಯನವರ ತತ್ವಪದಗಳನ್ನು ನಮ್ಮ ಕಡೆ ಕನ್ನಡದಲ್ಲೂ ತೆಲುಗಿನಲ್ಲೂ ಹಾಡುತ್ತಾರೆ. ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿಯಲ್ಲಿ, ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ, ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ನಡೆದುಕೊಂಡು ಬಂದಿದೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಇಂಥ ಸಂಗೀತಕ್ಕೆ ಯುವಕರು ಈಗೀಗ ಗಿಟಾರ್, ಬೇಸ್ ಸೇರಿಸಿ ನುಡಿಸಲು ಹಂಬಲಿಸುತ್ತಾರೆ, ಸೇರಿಸಲಿ. ಆದರೆ ಬೆಂಕಿಗೆ ಕಾಯಿಸಿದ ತಮಟೆಯ ಏಟು ಚುರುಕು, ತಂಬೂರಿಯ ಶ್ರುತಿ ತೆಳು. ಅವುಗಳ ಕೆಳಗೆ ಉದ್ದನೆಯ ಬೇಸ್ ಸ್ವರ ಎಳೆದರೆ ಎರಡೂ ಮುಳುಗುತ್ತವೆ. ಮೀಟಿದೊಡನೆ ಹೇಳಬೇಕಾದ್ದು ಹೇಳಿ ಜಾಗ ಬಿಡುವ ಬೇಸ್ ಅಲ್ಲಿಗೆ ಹೊಂದುತ್ತದೆ. ತತ್ವಪದದಲ್ಲಿ ಮಾತು ಕೇಳಬೇಕು. ಮಾತು ಕೇಳದಿದ್ದರೆ ಉಳಿದ ಯಾವ ನಾದದಿಂದಲೂ ಪ್ರಯೋಜನವಿಲ್ಲ. ಅಲ್ಲಿ ಒಂದು ಆವರ್ತಕ್ಕೆ ಒಂದೋ ಎರಡೋ ಸ್ವರ ಸಾಕು. ಷಡ್ಜ ಒಮ್ಮೆ, ಪಂಚಮ ಒಮ್ಮೆ.

ಕಲಿಯುವವರಿಗೆ ಕೇಳಲು ಏನಾದರೂ ಹೇಳಿ ಅಂದರೆ, 1959ರ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಎಂಬ ಜಾಜ್ ಆಲ್ಬಂ ಹೇಳುತ್ತೇನೆ. ಅದರ ಮೊದಲ ರಚನೆಯಲ್ಲಿ ಪಾಲ್ ಚೇಂಬರ್ಸ್ ಡಬಲ್ ಬೇಸಿನಲ್ಲೇ ರಾಗದ ಮುಖ್ಯ ಸಾಲನ್ನು ನುಡಿಸುತ್ತಾರೆ, ಉಳಿದವರು ಉತ್ತರ ಕೊಡುತ್ತಾರೆ. ಬೆರಳು ತಂತಿ ಬಿಡುವುದು, ಮರ ಉಬ್ಬುವುದು, ಸ್ವರ ಅಡಗುವುದು, ಮೂರೂ ಬಿಡಿಬಿಡಿಯಾಗಿ ಕೇಳುತ್ತವೆ. ಅದರ ಪಕ್ಕದಲ್ಲೇ 1960ರ ದಶಕದ ಒಂದು ಕನ್ನಡ ಹಾಡು ಇಟ್ಟುಕೊಳ್ಳಿ. ತಬಲಾದ ಎಡಗೈಯನ್ನೂ ಬೇಸನ್ನೂ ಬೇರ್ಪಡಿಸಿ ಕೇಳುವುದು ಮೊದಲಿಗೆ ಕಷ್ಟವಾದೀತು. ಹೆಡ್‌ಫೋನಿನಲ್ಲಿ ಕೇಳಿದರೆ ಬೇಗ ಪತ್ತೆಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಬೇಸ್ ಗಿಟಾರ್ ಕೈಚೆಲ್ಲುತ್ತದೆ, ಅದನ್ನೂ ಹೇಳಬೇಕು. ಕಮಾನು. ಹಳೆಯ ದುಃಖದ ಹಾಡುಗಳ ಆರಂಭದಲ್ಲಿ, ಪಿಟೀಲುಗಳು ಮೇಲಕ್ಕೆ ಏರುವಾಗ, ಡಬಲ್ ಬೇಸಿನವರು ಕಮಾನು ಹಿಡಿದು ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುತ್ತಿದ್ದರು. ಅಲ್ಲಿ ಸ್ವರ ಸಾಯುವುದಿಲ್ಲ, ನಡುವಿನಲ್ಲಿ ದೊಡ್ಡದಾಗುತ್ತದೆ. ಮೀಟಿದ ತಂತಿ ಯಾವತ್ತೂ ನಡುವಿನಲ್ಲಿ ದೊಡ್ಡದಾಗಲಾರದು. ಬೇಸ್ ಗಿಟಾರಿನ ಕುದುರೆಯೂ ಹೆಚ್ಚುಕಡಿಮೆ ಚಪ್ಪಟೆ, ನಡುವಿನ ತಂತಿಗಳಿಗೆ ಕಮಾನು ಬಿಡಿಯಾಗಿ ತಾಗುವುದೇ ಇಲ್ಲ. ವಾಲ್ಯೂಮ್ ನಾಬನ್ನು ಕಿರುಬೆರಳಿನಿಂದ ಮೆಲ್ಲಗೆ ಏರಿಸಿ ಸ್ವರವನ್ನು ಉಬ್ಬಿಸುವ ಉಪಾಯ ಇದೆ, ಒಂದೆರಡು ಸ್ವರಕ್ಕೆ ಅದು ನಡೆಯುತ್ತದೆ, ಇಡೀ ಸಾಲಿಗೆ ನಡೆಯುವುದಿಲ್ಲ. ಅಂಥ ಸಾಲುಗಳನ್ನು ಕೀಬೋರ್ಡಿನ ಕೆಳಗಿನ ಮನೆಗಳಿಗೆ ಬಿಟ್ಟುಕೊಡಿ. ಪಲ್ಲವಿ ಶುರುವಾಗಿ ತಬಲಾ ಸೇರಿಕೊಂಡಾಗ ನೀವೂ ಸೇರಿಕೊಳ್ಳಿ.